ಮೇಲಿನ ರೂಮಿನ ಸರದಿ

ಹೆಣ್ಣುಮಕ್ಕಳು ತಿಂಗಳಿಗೆ ಮೂರು ದಿನ ಹೊರಗೆ ಕೂರಬೇಕೆಂಬ ನಮ್ಮ ಮನೆಯ ನಿಯಮವನ್ನು ನಾನು ದೊಡ್ಡವಳಾದ ವರ್ಷದಿಂದಲೂ ಬೈದುಕೊಂಡೇ ಪಾಲಿಸಿದವಳು. ಸೋಫಾ ಮುಟ್ಟಬಾರದು, ಉಪ್ಪಿನಕಾಯಿ ಭರಣಿಯ ಕಡೆ ಸುಳಿಯಬಾರದು. ತಟ್ಟೆ, ಲೋಟ, ಚಾಪೆ ಎಲ್ಲ ಬೇರೆ. ನಾಲ್ಕನೆಯ ದಿನ ತಲೆಗೆ ನೀರು ಹಾಕಿಕೊಂಡ ಮೇಲೆ ಮತ್ತೆ ಮನೆಯವಳು. ಸ್ಕೂಲಿನಲ್ಲಿ ವಿಜ್ಞಾನದ ಮೇಡಂ ಮಾಡಿದ ಪಾಠವನ್ನು ಒಂದು ಸಲ ಚಿತ್ರ ಬರೆದು ಅಜ್ಜಿಗೆ ವಿವರಿಸಿದ್ದೆ. ಅಜ್ಜಿ ಎಲೆಅಡಿಕೆ ಜಗಿಯುತ್ತ ಪೂರ್ತಿ ಕೇಳಿಸಿಕೊಂಡಳು.

"ಸರಿ ಕಣವ್ವ, ಎಲ್ಲಾ ದಿಟವೇ. ಆದ್ರೆ ನಿಮ್ ಮೇಡಮ್ಮನ ಮನೇಲಿ ದೇವ್ರ ಪೆಟ್ಟಿಗೆ ಇಲ್ವಲ್ಲ" ಅಂದಳು.

ಅಲ್ಲಿಗೆ ವಿಜ್ಞಾನ ಮುಗಿಯಿತು.

ದೇವರ ಪೆಟ್ಟಿಗೆ ಅಂದರೆ ನಮ್ಮ ಮನೆದೇವರು. ಹಲಸಿನ ಮರದ ಪೆಟ್ಟಿಗೆ, ಅದರೊಳಗೆ ರೇಷ್ಮೆ ಬಟ್ಟೆಯಲ್ಲಿ ಸುತ್ತಿಟ್ಟ ಬೆಳ್ಳಿಯ ಮುಖವಾಡ. ಬೆಂಗಳೂರಿನ ಅಂಚಿನ ಶ್ರೀಗಂಧದ ಕಾವಲಿನ ಸುತ್ತ ರಾಗಿ ಬೆಳೆಯುತ್ತಿದ್ದ ಮನೆತನ ನಮ್ಮದು. ಹೊಲಗಳು ಸೈಟುಗಳಾಗಿ, ಅಣ್ಣತಮ್ಮಂದಿರು ಬೇರೆಬೇರೆ ಮನೆ ಕಟ್ಟಿಕೊಂಡ ಮೇಲೂ ದೇವರನ್ನು ಮಾತ್ರ ಹಂಚಿಕೊಳ್ಳಲು ಆಗಲಿಲ್ಲ. ಹಾಗಾಗಿ ಸರದಿ ಮಾಡಿಕೊಂಡರು. ಪ್ರತಿ ಯುಗಾದಿಗೆ ಪೆಟ್ಟಿಗೆ ಒಬ್ಬರ ಮನೆಯಿಂದ ಇನ್ನೊಬ್ಬರ ಮನೆಗೆ ಹೋಗುತ್ತದೆ. ಅದು ಯಾರ ಮನೆಯಲ್ಲಿರುತ್ತದೋ ಆ ಮನೆಯ ಹೆಂಗಸರಿಗೆ ವರ್ಷಪೂರ್ತಿ ಈ ಕಟ್ಟುನಿಟ್ಟು. ಬೇರೆ ವರ್ಷಗಳಲ್ಲಿ ಅಜ್ಜಿಯೂ ಅಷ್ಟೊಂದು ನೋಡುತ್ತಿರಲಿಲ್ಲ, ಪೂಜೆಯ ಗೂಡಿನ ಕಡೆ ಹೋಗದಿದ್ದರೆ ಸಾಕಿತ್ತು.

ಕೊರೊನಾ ಬಂದ ವರ್ಷ ನಮ್ಮ ಸರದಿ ಮುಗಿದಿತ್ತು. ಯುಗಾದಿಯ ದಿನ ಪೆಟ್ಟಿಗೆ ಕೆಂಗೇರಿ ಉಪನಗರದಲ್ಲಿರುವ ದೊಡ್ಡಪ್ಪನ ಮನೆಗೆ ಹೊರಡಬೇಕಿತ್ತು. ತಮಟೆಯವರಿಗೆ ಹೇಳಿಯಾಗಿತ್ತು, ಹೂವಿಗೆ ಹೇಳಿಯಾಗಿತ್ತು. ಹಬ್ಬದ ಹಿಂದಿನ ಸಂಜೆ ದೇಶಕ್ಕೆ ದೇಶವೇ ಬೀಗ ಹಾಕಿಕೊಂಡಿತು. ನಮ್ಮ ಜೊತೆ ದೇವರೂ ನಮ್ಮ ಮನೆಯಲ್ಲೇ ಸಿಕ್ಕಿಹಾಕಿಕೊಂಡ. ನನಗೆ ಆಗ ಹದಿನೈದು. ಪರೀಕ್ಷೆಯಿಲ್ಲದೆ ಒಂಬತ್ತನೇ ಕ್ಲಾಸು ಪಾಸಾಗಿದ್ದೆ.

ನಮ್ಮದು ಮೂರು ಅಂತಸ್ತಿನ ಮನೆ. ಕೆಳಗೆ ನಾವು, ನಡುವೆ ಬಾಡಿಗೆಯ ಎರಡು ಸಂಸಾರ, ತಾರಸಿಯ ಮೇಲೆ ನೀರಿನ ಟ್ಯಾಂಕಿನ ಪಕ್ಕ ಶೀಟು ಹೊದಿಸಿದ ಒಂಟಿ ರೂಮು. ಕಟ್ಟಡ ದೊಡ್ಡದಾದರೂ ನಮ್ಮ ಪಾಲಿಗಿದ್ದದ್ದು ಒಂದು ಹಾಲು, ಎರಡು ಕೋಣೆ. ಅಪ್ಪನದು ಮಾಗಡಿ ರಸ್ತೆಯಲ್ಲಿ ವೈರು, ಸ್ವಿಚ್ಚು, ಬಲ್ಬು ಮಾರುವ ಅಂಗಡಿ. ಅಂಗಡಿ ಮುಚ್ಚಿದ ಮೇಲೆ ಅಪ್ಪ ಬೆಳಗಿನಿಂದ ಟಿವಿಯ ಮುಂದೆ ಕೂತು, ಸತ್ತವರ ಸಂಖ್ಯೆಯನ್ನು ಕ್ರಿಕೆಟ್ ಸ್ಕೋರಿನ ಹಾಗೆ ಅಮ್ಮನಿಗೆ ಕೂಗಿ ಹೇಳುತ್ತಿದ್ದರು. ಅಮ್ಮ ಮೆಣಸು ಶುಂಠಿ ಕುದಿಸಿ ಕುದಿಸಿ ಇಡೀ ಮನೆಯೇ ಕಷಾಯವಾಗಿತ್ತು. ತಮ್ಮ ಹಾಲಿನಲ್ಲೇ ಗೋಡೆಗೆ ಚೆಂಡು ಹೊಡೆಯುತ್ತಿದ್ದ. ಬಚ್ಚಲುಮನೆಯಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಂತರೂ ಬಾಗಿಲು ಬಡಿಯುವವರಿದ್ದರು. ಅಷ್ಟು ಜನರ ಮಧ್ಯೆ ನನಗೆ ಯಾರೂ ಇಲ್ಲ ಅನ್ನಿಸತೊಡಗಿದ್ದು ಯಾವಾಗ ಅಂತ ನನಗೇ ಗೊತ್ತಾಗಲಿಲ್ಲ.

ಮೇಲಿನ ರೂಮಿನಲ್ಲಿದ್ದ ಇಬ್ಬರು ಹುಡುಗರು ಪೀಣ್ಯದ ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದವರು. ಅವರು ಗಂಟುಮೂಟೆ ಕಟ್ಟಿಕೊಂಡು ತಮ್ಮ ಊರಿಗೆ ಹೋದ ಮೇಲೆ ರೂಮು ಖಾಲಿ ಬಿತ್ತು. ಆ ತಿಂಗಳು ನಾನು ಹೊರಗಾದಾಗ ಅಜ್ಜಿಯೇ ಅಮ್ಮನಿಗೆ ಹೇಳಿದಳು. "ಹಾಲಲ್ಲಿ ನಿನ್ ಗಂಡ ಕೂತವ್ನೆ, ಅವ್ಳ್ಯಾಕೆ ಮೂಲೇಲಿ ಮುದುರ್ಕಂಡು ಇರ್ಬೇಕು. ಮೇಲಕ್ಕೋಗ್ಲಿ ಬಿಡು, ಗಾಳಿ ಬೆಳಕು ಐತೆ."

ಆ ಮೂರು ದಿನ ನನಗೆ ಸ್ವರ್ಗ. ಸುಳ್ಳು ಯಾಕೆ ಹೇಳಲಿ. ಬಾಗಿಲು ಹಾಕಿಕೊಂಡರೆ ಟಿವಿ ಇಲ್ಲ, ಚೆಂಡಿಲ್ಲ, ಕಷಾಯವಿಲ್ಲ. ಅಮ್ಮ ಊಟದ ತಟ್ಟೆಯನ್ನು ಮೆಟ್ಟಿಲ ತುದಿಯಲ್ಲಿಟ್ಟು "ಬಂತು ಕಣೇ" ಅಂತ ಕೂಗಿ ಇಳಿದುಹೋಗುತ್ತಿದ್ದಳು. ಸಂಜೆ ತಾರಸಿಯಲ್ಲಿ ಅಡ್ಡಾಡಿದರೆ ವಿಜಯನಗರದ ಕಡೆಯ ಮನೆಗಳ ತನಕ ತಾರಸಿಗಳು, ಎಲ್ಲ ತಾರಸಿಯ ಮೇಲೂ ಗಾಣದೆತ್ತಿನ ಹಾಗೆ ಸುತ್ತುತ್ತಿರುವ ಜನ. ಆ ರೂಮಿನಲ್ಲಿ ಆಕಾಶ ನೋಡುತ್ತ ಮಲಗಿ, ಬೈದುಕೊಂಡೇ ಬಂದ ಈ ನಿಯಮಕ್ಕೂ ಒಂದು ಉಪಯೋಗವಿದೆ ಅಂದುಕೊಂಡು ನಕ್ಕಿದ್ದೆ.

ಏಪ್ರಿಲ್ ಕಳೆದು ಆನ್‌ಲೈನ್ ಕ್ಲಾಸು ಶುರುವಾಯಿತು. ಹಾಜರಿ ಕೂಗಿದಾಗ ಎಲ್ಲರೂ "ಪ್ರೆಸೆಂಟ್ ಮ್ಯಾಮ್" ಅಂತ ಟೈಪ್ ಮಾಡಿ, ಮೈಕು ಕ್ಯಾಮೆರಾ ಆರಿಸಿ ಮಾಯವಾಗುತ್ತಿದ್ದೆವು. ಪರದೆಯ ಮೇಲೆ ನಮ್ಮ ಹೆಸರಿನ ಮೊದಲ ಅಕ್ಷರಗಳ ಬಣ್ಣದ ಬೊಟ್ಟುಗಳಷ್ಟೇ. ಬೆಂಚಿನಲ್ಲಿ ನನ್ನ ಪಕ್ಕ ಕೂರುತ್ತಿದ್ದ ಗೆಳತಿ ಒಬ್ಬಳಿದ್ದಳು. ಒಂದೇ ಬಸ್ಸಿನಲ್ಲಿ ಹೋಗಿ ಬರುತ್ತ, ಮಾತು ಮುಗಿಯದೆ ಎರಡು ಸ್ಟಾಪು ಮುಂದೆ ಹೋಗಿ ಇಳಿದವರು ನಾವು. ಈಗ ಫೋನಿನಲ್ಲಿ "ಏನ್ ಮಾಡ್ತಾ ಇದೀಯ" ಅಂತ ಅವಳು ಕೇಳಿದರೆ "ಏನಿಲ್ಲ, ನೀನು" ಅಂತ ನಾನು. "ಏನಿಲ್ಲ" ಅಂತ ಅವಳು. ಕೆಲವು ವಾರ ಹೀಗೆ ನಡೆದು ಅದೂ ನಿಂತಿತು. ಜಗಳವಾಗಿರಲಿಲ್ಲ. ಏನೂ ನಡೆಯದ ದಿನಗಳ ಬಗ್ಗೆ ಹೇಳಿಕೊಳ್ಳಲು ಇಬ್ಬರಿಗೂ ಏನೂ ಇರಲಿಲ್ಲ.

ಆಮೇಲೆ ಪುಸ್ತಕದ ಸಾಲುಗಳು ತಲೆಗೆ ಹತ್ತದಾದವು. ಓದಿದ ಸಾಲನ್ನೇ ಓದುತ್ತಿದ್ದೆ. ರಾತ್ರಿ ನಿದ್ದೆ ಬರುತ್ತಿರಲಿಲ್ಲ, ಹಗಲು ಎಚ್ಚರ ಬರುತ್ತಿರಲಿಲ್ಲ. ಹಾಲಿನಲ್ಲಿ ಎಲ್ಲರ ಜೊತೆ ಊಟಕ್ಕೆ ಕೂತರೆ ಎದೆಯ ಮೇಲೆ ರುಬ್ಬುಗುಂಡು ಇಟ್ಟ ಹಾಗಾಗುತ್ತಿತ್ತು. ಯಾರಾದರೂ "ಏನಾಯ್ತು" ಅಂತ ಕೇಳಿಬಿಟ್ಟರೆ ಅಂತ ಹೆದರಿಕೆ. ಯಾರೂ ಕೇಳುತ್ತಿಲ್ಲವಲ್ಲ ಅಂತ ಸಿಟ್ಟು. ಎರಡೂ ಒಟ್ಟಿಗೆ. ಅಪ್ಪನಂತೂ ಬಾಡಿಗೆಯವರ ಮುಂದೆ ಹೊಗಳುತ್ತಿದ್ದರು. "ನಮ್ ಹುಡುಗಿ ನೋಡಿ, ಇರೋದೇ ಗೊತ್ತಾಗಲ್ಲ. ಮಾತು ಬೆಳ್ಳಿ ಮೌನ ಬಂಗಾರ ಅಂತಾರಲ್ಲ, ಹಂಗೆ." ಆ ಬಂಗಾರವನ್ನು ತೆಗೆದುಕೊಂಡು ನಾನು ಏನು ಮಾಡಲಿ.

ಆಗ ನೆನಪಾದದ್ದು ಮೇಲಿನ ರೂಮು. ನಮ್ಮ ಮನೆಯಲ್ಲಿ ಹೊರಗಾದ ಸುದ್ದಿಯನ್ನು ಹೇಳಬೇಕಾದದ್ದು ಅಮ್ಮನಿಗಲ್ಲ, ಅಜ್ಜಿಗೆ. ದೇವರ ಕೆಲಸವೆಲ್ಲ ಅವಳದು. ಒಂದು ಬೆಳಿಗ್ಗೆ, ಆಗದೇ ಇದ್ದರೂ, "ಅಜ್ಜಿ, ನಾನು ಹೊರಗಾಗಿದೀನಿ" ಅಂದೆ. ಅಜ್ಜಿ ನನ್ನ ಮುಖ ಸ್ವಲ್ಪ ಹೊತ್ತು ನೋಡಿ, "ಆಗ್ಲಿ, ಹೋಗವ್ವ" ಅಂದಳು. ಇಷ್ಟು ಸುಲಭವೇ ಅನ್ನಿಸಿತು. ತಿಂಗಳಿಗೊಮ್ಮೆ ಇದ್ದದ್ದು ಬೇಗಬೇಗ ಬಂತು. ಮೂರು ದಿನ ಇದ್ದದ್ದು "ಇನ್ನೂ ನಿಂತಿಲ್ಲ" ಅಂತ ಉದ್ದವಾಯಿತು. ಅಮ್ಮನಿಗೆ ಗಾಬರಿಯಾಗಿ, ವಯಸ್ಸಿನ ಹುಡುಗಿಗೆ ಮುಟ್ಟಿನ ಲೆಕ್ಕ ತಪ್ಪಿದೆ ಅಂದುಕೊಂಡು, ದಿನಾ ಮೆಂತ್ಯ ನೆನೆಸಿದ ನೀರು ಕಳಿಸತೊಡಗಿದಳು. "ಈಗ ಆಸ್ಪತ್ರೆಗೆ ಹೋದ್ರೆ ಇಲ್ಲದ್ದು ಅಂಟಿಸ್ಕೊಂಡು ಬರ್ಬೇಕು, ಎಲ್ಲಾ ಸರಿಹೋಗ್ಲಿ, ತೋರಿಸೋಣ" ಅಂತ ಮೆಟ್ಟಿಲ ಬುಡದಿಂದಲೇ ಹೇಳಿದಳು. ನನ್ನ ಕಾಯಿಲೆಗೆ ಮೆಂತ್ಯದ ನೀರು. ಪಾಪ, ಅವಳಿಗೆ ಕಾಣಿಸಿದ್ದಕ್ಕೆ ಅವಳು ಮದ್ದು ಮಾಡಿದಳು.

ರೂಮು ಅದೇ. ಸ್ವರ್ಗ ಮಾತ್ರ ಇರಲಿಲ್ಲ. ಮೇಲೆ ಹೋಗುವಾಗ ಒಬ್ಬಳೇ ಇರಬೇಕು ಅನ್ನಿಸುತ್ತಿತ್ತು. ಹೋಗಿ ಬಾಗಿಲು ಹಾಕಿಕೊಂಡರೆ ಒಬ್ಬಳೇ ಇದ್ದೇನೆ ಅನ್ನುವುದೇ ತಿನ್ನುತ್ತಿತ್ತು. ಕೆಳಗೆ ಹೋದರೂ ಹಾಗೇ. ಶೀಟಿನ ಬಿಸಿಗೆ ಬೆವರುತ್ತ ಗೋಡೆಯ ಕಡೆ ಮುಖ ಮಾಡಿ ಮಲಗಿರುತ್ತಿದ್ದೆ. ಆ ಹುಡುಗರು ಗೋಡೆಗೆ ಅಂಟಿಸಿದ್ದ ಕ್ಯಾಲೆಂಡರು ಮಾರ್ಚಿನಲ್ಲೇ ನಿಂತಿತ್ತು. ಯಾರ ಜೊತೆಗೂ ಮಾತಾಡದೆ ಎಷ್ಟೋ ಹೊತ್ತು ಕಳೆದ ಮೇಲೆ, ನನ್ನ ದನಿ ಇದೆಯೋ ಇಲ್ಲವೋ ನೋಡೋಣ ಅಂತ ಒಮ್ಮೆ "ಹಲೋ" ಅಂದೆ. ಯಾರದೋ ದನಿಯ ಹಾಗಿತ್ತು. ಇನ್ನೊಂದು ಸಂಜೆ, ನಾಲ್ಕು ಮನೆ ಆಚೆಯ ತಾರಸಿಯಲ್ಲಿ ನನ್ನ ವಯಸ್ಸಿನವಳೊಬ್ಬಳು ಕೈ ಎತ್ತಿದಳು. ನಾನು ಓಡಿಹೋಗಿ ಕಟ್ಟೆಗೆ ಆತು ಎರಡೂ ಕೈ ಬೀಸಿದೆ. ಅವಳು ಎತ್ತಿದ ಕೈಯನ್ನು ಆ ಕಡೆ ಈ ಕಡೆ ಬಗ್ಗಿಸಿ, ಸೊಂಟ ತಿರುಗಿಸಿ, ವ್ಯಾಯಾಮ ಮುಂದುವರಿಸಿದಳು. ನಾಚಿಕೆಯಿಂದ ಟ್ಯಾಂಕಿನ ಹಿಂದೆ ಹೋಗಿ ಕೂತು ಅತ್ತೆ. ಅಷ್ಟು ಸಣ್ಣದಕ್ಕೆ ಅಷ್ಟೊಂದು ಅಳು ಬಂದದ್ದು ನೋಡಿ ನನಗೇ ಭಯವಾಯಿತು.

ಊಟ ಸೇರುತ್ತಿರಲಿಲ್ಲ. ತಟ್ಟೆ ತುಂಬಿದ ಹಾಗೇ ಇಳಿದರೆ ಅಮ್ಮ ಮೇಲೆ ಬರುತ್ತಾಳೆ. ಅದಕ್ಕೆ ಅನ್ನವನ್ನು ತಾರಸಿಯ ಕಟ್ಟೆಯ ಮೇಲೆ ಇಡತೊಡಗಿದೆ. ಮೊದಲು ಒಂದು ಕಾಗೆ ಬಂತು. ಆಮೇಲೆ ಅದರ ಬಳಗವೆಲ್ಲ ಬಂತು. ಅವು ನನಗಿಂತ ಒಳ್ಳೆಯ ವಿದ್ಯಾರ್ಥಿಗಳು, ಹೊತ್ತಿಗೆ ಸರಿಯಾಗಿ ಹಾಜರ್. ಮುದ್ದೆಯನ್ನೂ ಬಿಡುತ್ತಿರಲಿಲ್ಲ. ತಟ್ಟೆ ತೊಳೆದು ಮೆಟ್ಟಿಲ ತುದಿಗಿಡುತ್ತಿದ್ದೆ. ಹುಡುಗಿ ಚೆನ್ನಾಗಿ ಉಣ್ಣುತ್ತಿದ್ದಾಳೆ ಅಂತ ಕೆಳಗೆ ಎಲ್ಲರಿಗೂ ಸಮಾಧಾನ. ನಾನಿಲ್ಲದಿದ್ದರೂ ಈ ಮನೆ ನಡೆಯುತ್ತದೆ, ಒಂದು ತಟ್ಟೆ ಕಡಿಮೆ ತೊಳೆದರಾಯಿತು ಎಂಬ ಯೋಚನೆ ಬಂದದ್ದು ಆಗಲೇ. ಅದು ಬಂದು ಹೋಗಲಿಲ್ಲ, ಕೂತುಬಿಟ್ಟಿತು. ಸಾಯಬೇಕು ಅಂತ ಅಂದುಕೊಂಡೆ ಅನ್ನುವುದಕ್ಕಿಂತ, ಇರುವ ಕೆಲಸ ಸಾಕು ಅನ್ನಿಸಿತ್ತು. ಇದನ್ನು ಯಾರಿಗೂ ಹೇಳುವ ದಾರಿ ಗೊತ್ತಿರಲಿಲ್ಲ.

ಆಷಾಢದ ಕೊನೆಗೆ ಊರಿಗೆ ಮತ್ತೊಮ್ಮೆ ಬೀಗ ಬಿತ್ತು. ಆ ಸಲ ನಾನು ನಿಜವಾಗಿಯೇ ಹೊರಗಾಗಿದ್ದೆ. ಮಧ್ಯಾಹ್ನ ಊಟದ ಹೊತ್ತು. ಅನ್ನ ಕಟ್ಟೆಯ ಮೇಲಿತ್ತು, ಕಾಗೆಗಳು ಜಗಳವಾಡುತ್ತಿದ್ದವು, ನಾನು ಗೋಡೆಗೆ ಮುಖ ಮಾಡಿ ಚಾಪೆಯ ಮೇಲಿದ್ದೆ. ಮೆಟ್ಟಿಲ ಮೇಲೆ ಏದುಸಿರು ಕೇಳಿಸಿತು. ಮಂಡಿನೋವಿನಿಂದ ಅಜ್ಜಿ ಮೇಲೆ ಹತ್ತುವುದನ್ನು ಬಿಟ್ಟೇ ವರ್ಷಗಳಾಗಿದ್ದವು. ಎರಡು ಅಂತಸ್ತು ಹೇಗೆ ಹತ್ತಿದಳೋ. ಬಾಗಿಲು ತಳ್ಳಿ, ಚೌಕಟ್ಟು ಹಿಡಿದುಕೊಂಡು, ಉಸಿರು ಕೂಡುವ ತನಕ ನಿಂತಳು.

"ಕೆಳಗೆ ಜಗಲಿ ಮೇಲೆ ಕೂತ್ರೆ ಕಾಣ್ತದೆ ಕಣ್ ಮಗ. ನೀನು ಮೇಲಿದ್ದಾಗ ಕಾಗೆ ಬತ್ತವೆ, ಕೆಳಗಿದ್ದಾಗ ಬರಾಕಿಲ್ಲ. ದಿನಾ ಎಡೆ ಇಡ್ತಿದೀಯಲ್ಲ, ಯಾರ ತಿಥಿ ಮಾಡ್ತಿದೀಯ?"

"ನಂದು" ಅಂದೆ.

ಯೋಚಿಸಿ ಹೇಳಿದ್ದಲ್ಲ. ಬಹಳ ದಿನ ಮಾತಾಡದ ಬಾಯಿಗೆ ಅದೇ ಮೊದಲು ಸಿಕ್ಕಿತು. ಅಜ್ಜಿ ಚೌಕಟ್ಟು ಬಿಟ್ಟಳು. ಹೊಸ್ತಿಲು ದಾಟಿದಳು.

"ಒಳಗೆ ಬರ್ಬೇಡ ಅಜ್ಜಿ" ಅಂದೆ. "ಈ ಸಲ ನಿಜವಾಗ್ಲೂ ಆಗಿದೀನಿ."

"ಗೊತ್ತು" ಅಂದಳು. ಗೋಡೆ ಹಿಡಿದು ಮೆಲ್ಲಗೆ ಕೂತು, ನನ್ನ ತಲೆಯನ್ನು ಎಳೆದು ತೊಡೆಯ ಮೇಲಿಟ್ಟುಕೊಂಡಳು. ದೇವರ ಪೆಟ್ಟಿಗೆ ಮುಟ್ಟುವ ಕೈ ಅದು, ಕರ್ಪೂರದ ವಾಸನೆಯಿತ್ತು. ಎಣ್ಣೆ ಕಾಣದೆ ಗಂಟುಗಟ್ಟಿದ ನನ್ನ ಕೂದಲನ್ನು ಬೆರಳಿನಿಂದಲೇ ಬಿಡಿಸತೊಡಗಿದಳು. ಇನ್ನೊಬ್ಬರ ಕೈ ನನ್ನ ಮೈಮೇಲೆ ಬಿದ್ದು ಎಷ್ಟು ಕಾಲವಾಗಿತ್ತು. ನನಗೆ ಅಳು ತಡೆಯಲಾಗಲಿಲ್ಲ. ಅವಳು ತಡೆಯಲೂ ಇಲ್ಲ.

ಅಳು ಇಳಿದ ಮೇಲೆ ಅವಳೇ ಮಾತು ತೆಗೆದಳು. "ನೀನು ಸುಳ್ಳು ಹೇಳ್ತಿದ್ದದ್ದು ನಂಗೆ ಮೊದಲ್ನೇ ಸಲಾನೇ ತಿಳೀತು. ಅಮಾಸೆ ಹುಣ್ಣಿಮೆ ಲೆಕ್ಕ ಇಟ್ಕಳೋಳಿಗೆ ಇದು ತಿಳಿಯಾಕಿಲ್ವಾ."

"ಮತ್ಯಾಕೆ ಸುಮ್ನಿದ್ದೆ?"

"ನಾನೂ ಹಂಗೇ ಹೇಳ್ತಿದ್ದೆ ಕಣವ್ವ. ಸುಗ್ಗಿ ಕಾಲ್ದಲ್ಲಿ. ಮನೆ ತುಂಬ ಜನ, ಒಕ್ಕಣೆ ಕೆಲ್ಸ, ಬೆನ್ನು ನೆಲ ಮುಟ್ಟಿದ್ರೆ ಸಾಕು ಅನ್ನೋದು. ಹೊರಗಾಗಿದೀನಿ ಅಂದ್ರೆ ಯಾರೂ ಕೆಲ್ಸ ಹೇಳ್ತಿರಲಿಲ್ಲ. ದನದ ಕೊಟ್ಗೆ ಪಕ್ಕ ಒಂದು ಗುಡ್ಲು ಇತ್ತು, ಮೂರು ದಿನ ಮಲಗೋದು. ನಮ್ಮತ್ತೆಗೂ ಗೊತ್ತಿತ್ತು, ಬಾಯಿ ಬಿಡ್ತಿರಲಿಲ್ಲ. ನಿಂಗೂ ಸುಸ್ತಾಗೈತೆ, ಮಲಗ್ಲಿ ಬಿಡು ಅಂದ್ಕಂಡೆ."

ಬೆರಳುಗಳು ಒಂದು ಗಂಟಿನ ಹತ್ತಿರ ನಿಂತವು.

"ಆದ್ರೆ ಅಲ್ಲಿ ಯಾವಾಗ್ಲೂ ಇನ್ನಿಬ್ರು ಮೂವರು ಇರೋರು. ವಾರಗಿತ್ತೀರೋ, ಪಕ್ಕದ ಮನೇವ್ರೋ. ಪೇನು ನೋಡ್ಕಂಡು, ಅತ್ತೇರನ್ನ ಬೈಕಂಡು, ನಗ್ತಾ ಇರ್ತಿದ್ವಿ. ಇಲ್ಲಿ ನೀನೊಬ್ಳೇ ಅನ್ನೋದು ನನ್ ತಲೆಗೆ ಹೊಳೀಲೇ ಇಲ್ಲ ಕಣ್ ಮಗ."

ಅಷ್ಟು ಹೇಳಿ ಅವಳೂ ಅತ್ತಳು. ತಾತ ಹೋದಾಗಲೂ ಎಲ್ಲರ ಮುಂದೆ ಅಳದ ಹೆಂಗಸು.

ಆಮೇಲೆ ಅವಳು ನನ್ನ ಕೈ ಹಿಡಿದುಕೊಂಡೇ ಇಳಿದಳು. ನನಗೆ ಆಸರೆಯೋ, ಅವಳ ಮಂಡಿಗೆ ಆಸರೆಯೋ, ಇಬ್ಬರೂ ಕೇಳಲಿಲ್ಲ. ಹಾಲಿನಲ್ಲಿ ಟಿವಿಯ ಮುಂದಿದ್ದ ಅಪ್ಪ ನಮ್ಮಿಬ್ಬರ ಕೂಡಿದ ಕೈ ನೋಡಿ ಎದ್ದು ನಿಂತರು. ಅಮ್ಮ ಸೌಟು ಹಿಡಿದು ಬಂದಳು. ಅಜ್ಜಿ ಹೆಚ್ಚು ವಿವರಿಸಲಿಲ್ಲ. "ಈ ಮಗ ಊಟ ಬಿಟ್ಟೈತೆ, ಬದುಕೋದು ಸಾಕು ಅಂತೈತೆ. ಇನ್ಮೇಲೆ ಮೇಲಕ್ಕೆ ಹೋಗಾಕಿಲ್ಲ" ಅಂದಳು. ಅಮ್ಮ ಗೋಡೆಗೆ ಒರಗಿ, "ನಾನು ಮೆಂತ್ಯದ ನೀರು ಕೊಡ್ತಿದ್ನಲ್ಲ" ಅಂತ ಅದನ್ನೇ ಮತ್ತೆ ಮತ್ತೆ ಹೇಳಿದಳು. ಅಪ್ಪ ಮೊದಲು ಟಿವಿ ಆರಿಸಿದರು. ಆಮೇಲೆ, ಏನು ಹೇಳಬೇಕೋ ತಿಳಿಯದೆ, ಅವರಿಗೆ ಗೊತ್ತಿದ್ದ ಒಂದೇ ತೊಡಕನ್ನು ಹೇಳಿದರು. "ಅವ್ವ, ಅವ್ಳು ಇಲ್ಲೇ ಇರ್ಲಿ. ಆದ್ರೆ ಪೆಟ್ಟಿಗೆ? ಶ್ರಾವಣ ಬೇರೆ ಬಂತು."

"ಪೆಟ್ಟಿಗೆ ಮೇಲಕ್ಕೋಗ್ಲಿ" ಅಂದಳು ಅಜ್ಜಿ.

ಸರದಿ ಬಿಟ್ಟು ಪೆಟ್ಟಿಗೆ ಕದಲಿದ್ದು ನಮ್ಮ ಮನೆತನದಲ್ಲಿ ಯಾರಿಗೂ ನೆನಪಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುವ ಹಾಗೆ ಫೋನಿನಲ್ಲಿ ದೊಡ್ಡಪ್ಪ ಅಡ್ಡ ಬಂದರು. ತಮಟೆಯಿಲ್ಲ, ದಾಯಾದಿಗಳಿಲ್ಲ, ಶೀಟಿನ ರೂಮಿಗೆ ಮನೆದೇವರೇ? ಅಪ್ಪ ಫೋನನ್ನು ಅಜ್ಜಿಯ ಕಿವಿಗೆ ಹಿಡಿದರು. ಅಜ್ಜಿ ಎಲ್ಲ ಕೇಳಿಸಿಕೊಂಡು, "ಹಂಗಾದ್ರೆ ಈಗ್ಲೇ ಬಂದು ನಿನ್ ಮನೆಗೆ ಕರ್ಕಂಡೋಗಪ್ಪ" ಅಂದಳು. ದೊಡ್ಡಪ್ಪ ಫೋನಿಟ್ಟರು.

ಮಾರನೆಯ ದಿನ ಬೆಳಿಗ್ಗೆ ಅಮ್ಮ ಆ ರೂಮನ್ನು ತೊಳೆದು, ಮಾರ್ಚಿನ ಕ್ಯಾಲೆಂಡರು ಕಿತ್ತು, ಬಾಗಿಲಿಗೆ ರಂಗೋಲಿ ಹಾಕಿದಳು. ಅಜ್ಜಿ ತಲೆಗೆ ನೀರು ಹಾಕಿಕೊಂಡು ಬಂದು, ಪೆಟ್ಟಿಗೆಗೆ ಕೈಮುಗಿದು ಅಪ್ಪಣೆ ಕೇಳಿದಳು. ಅಪ್ಪ ಒದ್ದೆ ಪಂಚೆಯಲ್ಲಿ, ಮುಖಕ್ಕೆ ಮಾಸ್ಕು ಹಾಕಿಕೊಂಡು, ಪೆಟ್ಟಿಗೆಯನ್ನು ತಲೆಯ ಮೇಲೆ ಹೊತ್ತು ಮೆಟ್ಟಿಲು ಹತ್ತಿದರು. ಮುಂದೆ ತಮ್ಮ ಗಂಟೆ ಬಾರಿಸುತ್ತ ಹೋದ. ಬಾಡಿಗೆಯವರು ತಮ್ಮ ತಮ್ಮ ಬಾಗಿಲಲ್ಲಿ ದೂರ ನಿಂತು, ಮಾಸ್ಕಿನೊಳಗೇ ಏನೋ ಗುನುಗುತ್ತ ಕೈಮುಗಿದರು. ನಾನು ಕೆಳಗೆ ಸೋಫಾದ ಮೇಲೆ ಕೂತಿದ್ದೆ. ಹೊರಗಾದ ದಿನ, ಸೋಫಾದ ಮೇಲೆ.

ನಾನು ಅವತ್ತೇ ಸರಿಹೋದೆ ಅಂತ ಹೇಳಿದರೆ ಅದು ಸುಳ್ಳು. ಅಮ್ಮ ಯಾರನ್ನೋ ಕೇಳಿ ಬಸವೇಶ್ವರನಗರದ ಒಬ್ಬ ಮನೋವೈದ್ಯರ ಫೋನ್ ನಂಬರು ಹಿಡಿದಳು. ಕೆಲವು ವಾರ ಫೋನಿನಲ್ಲೇ ಮಾತು, ಆಮೇಲೆ ಹೋಗಿ ಕಂಡದ್ದು, ಮಾತ್ರೆ, ಮತ್ತೆ ಮಾತು. ಎದೆಯ ಮೇಲಿನ ರುಬ್ಬುಗುಂಡು ಬಹಳ ನಿಧಾನವಾಗಿ ಹಗುರಾಯಿತು. ಈಗಲೂ ಕೆಲವು ಸಂಜೆ ಅದು ಬಂದು ಕೂರುತ್ತದೆ, ಆಗ ಯಾರಿಗಾದರೂ ಹೇಳುತ್ತೇನೆ. ಗೆಳತಿ ಬೇರೆ ಊರಿಗೆ ಹೋದಳು, ಆ ಮಾತು ಮತ್ತೆ ಹುಟ್ಟಲಿಲ್ಲ. ಅದರ ಜಾಗ ಖಾಲಿಯಾಗಿಯೇ ಇದೆ. ಮುಂದಿನ ಯುಗಾದಿಗೆ ಪೆಟ್ಟಿಗೆ ಕೆಂಗೇರಿಗೆ ಹೋಯಿತು. ಅಲ್ಲಿಯವರೆಗೂ ಅಮ್ಮನೋ ಅಪ್ಪನೋ ಮೇಲೆ ಹೋಗಿ ದೀಪ ಹಚ್ಚಿ ಬರುತ್ತಿದ್ದರು, ಅಜ್ಜಿ ಕೆಳಗಿನಿಂದಲೇ ಕೈಮುಗಿಯುತ್ತಿದ್ದಳು.

ಪೆಟ್ಟಿಗೆ ಮೇಲೆ ಹೋದ ಆ ಮಧ್ಯಾಹ್ನ, ಹಾಲಿನಲ್ಲಿ ಅಜ್ಜಿ ತನ್ನ ಚಾಪೆಯ ಮೇಲೇ ನನಗೆ ಜಾಗ ಮಾಡಿದಳು. ಅಭ್ಯಾಸ ಬಲದಿಂದ ಗೋಡೆಗೆ ಮುಖ ಮಾಡಿ ಮಲಗಿದೆ. ಮೇಲೆ ಶೀಟಿನ ಬಿಸಿ, ಕಾಗೆಗಳು, ಮುಚ್ಚಿದ ಬಾಗಿಲು ಕಣ್ಣಿಗೆ ಬಂದವು.

"ಅಜ್ಜಿ, ದೇವ್ರು ಅಲ್ಲಿ ಒಬ್ನೇ ಆಗ್ಬಿಟ್ಟ."

"ಅವ್ನಿಗೆ ಒಬ್ನೇ ಇದ್ದು ಅಭ್ಯಾಸ ಐತೆ" ಅಂದಳು ಅಜ್ಜಿ. "ನಿಂಗಿಲ್ಲ. ಈ ಕಡೆ ತಿರುಗು."